ಗೆಲವೊಂದೇ ಪರೀಕ್ಷೆಯೆ?

ಚದುರಂಗವನ್ನಾಡುವ ಕಂಪ್ಯೂಟರು ಪ್ರೋಗ್ರಾಮಿಗೆ ಎಂಜಿನು ಎಂದು ಹೆಸರು. ಇವನ್ನು ದೊಡ್ಡ ದೊಡ್ಡ ಕಂಪೆನಿಗಳೇ ರಚಿಸುತ್ತವೆಂದು ನಮ್ಮಲ್ಲಿ ಅನೇಕರು ತಿಳಿದಿರುವರು. ಹಾಗಲ್ಲ. ಲೋಕದ ಅತ್ಯಂತ ಬಲಿಷ್ಠವಾದ ಎಂಜಿನುಗಳಲ್ಲಿ ಒಂದಾದ ಸ್ಟಾಕ್‌ಫಿಷ್ ಎಂಬುದು ಬಹುಮಟ್ಟಿಗೆ ಬಿಡುವಿನ ವೇಳೆಯಲ್ಲಿ ಕೇವಲ ಆಸಕ್ತಿಯಿಂದ ದುಡಿಯುವ ಹವ್ಯಾಸಿಗಳ ಕೃತಿ. ಇಂಥವರಲ್ಲಿ ಒಬ್ಬನು ಬರೆದ ಕೋಡನ್ನು ಮತ್ತೊಬ್ಬನು ಓದಿ ಗುಣದೋಷಗಳನ್ನು ವಿಮರ್ಶಿಸುವ ಪದ್ಧತಿಯುಂಟು. ಆ ಪದ್ಧತಿ ವ್ಯರ್ಥವೆಂದು ವಾದಿಸುವವರೂ ಉಂಟು. ಸಾಹಿತ್ಯಪತ್ರಿಕೆಯಲ್ಲಿ ಈ ಪ್ರಸ್ತಾಪವೇಕೆಂದು ವಾಚಕಮಹಾಶಯರು ಆಕ್ಷೇಪಿಸಬಾರದು. ಕೋಡೂ ಒಂದು ಬರೆಹವೇ. ಬರೆಹವೆಂದ ಮೇಲೆ ಕರ್ತೃತ್ವ, ಚೌರ್ಯ, ವ್ಯಾಖ್ಯಾನ ಇವುಗಳ ವಿಚಾರವು ನಮ್ಮದೂ ಹೌದು.

ಪೂರ್ವಪಕ್ಷಿಗಳು ಹೇಳುವುದೇನೆಂದರೆ: "ಎಂಜಿನು ಹುಟ್ಟಿರುವುದೇ ಆಡುವುದಕ್ಕಾಗಿ. ತಿದ್ದಿದ ಎಂಜಿನನ್ನು ಹಳೆಯದರೊಡನೆ ಸಾವಿರಾರು ಆಟಗಳಲ್ಲಿ ಕಾದಾಡಿಸಿರಿ. ಗೆದ್ದರೆ ಗ್ರಾಹ್ಯ, ಸೋತರೆ ತ್ಯಾಜ್ಯ. ನಡುವೆ ಓದುವವನ ಅಭಿಪ್ರಾಯ ಯಾರಿಗೆ ಬೇಕು?" ಈ ವಾದದಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ನೋಟಕ್ಕೆ ಯುಕ್ತವಾಗಿ ತೋರಿದ ಎಷ್ಟೋ ಕಲ್ಪನೆಗಳು ಆಟದಲ್ಲಿ ಮಣ್ಣುಮುಕ್ಕುತ್ತವೆ. ಆದುದರಿಂದಲೇ 2013 ರಲ್ಲಿ ಗ್ಯಾರಿ ಲಿನ್ಸ್‌ಕಾಟ್ ಎಂಬವರು ಸ್ಟಾಕ್‌ಫಿಷ್‌ಗಾಗಿ ಫಿಷ್‌ಟೆಸ್ಟ್ ಎಂಬ ವ್ಯವಸ್ಥೆಯನ್ನು ನಿರ್ಮಿಸಿದರು. ಸ್ವಯಂಸೇವಕರು ತಮ್ಮ ತಮ್ಮ ಕಂಪ್ಯೂಟರುಗಳನ್ನು ಇದಕ್ಕೆ ಒಪ್ಪಿಸುವರು. ಮೊದಲು ಅಲ್ಪಕಾಲದ ಆಟಗಳು; ಅಲ್ಲಿ ಉತ್ತೀರ್ಣವಾದರೆ ದೀರ್ಘಕಾಲದ ಆಟಗಳು. ಆದರೆ ಈ ಪರೀಕ್ಷೆಯೂ ತಪ್ಪಬಹುದೆಂದು ಬಲ್ಲ ಅವರೇ ಅದಕ್ಕೊಂದು ಪ್ರಮಾಣವನ್ನು ಗೊತ್ತುಮಾಡಿರುವರು: ಹಂತವೊಂದಕ್ಕೆ ನೂರಕ್ಕೆ ಐದು. ಅಂದರೆ, ಯಾವ ಪ್ರಯೋಜನವೂ ಇಲ್ಲದ ನೂರು ತಿದ್ದುಪಡಿಗಳನ್ನು ಕಳುಹಿಸಿದರೆ ಸುಮಾರು ಐದು ಅದೃಷ್ಟಬಲದಿಂದಲೇ ಮೊದಲ ಹಂತವನ್ನು ದಾಟಿಬಿಡಬಹುದು. ಎರಡನೆಯ ಹಂತವು ಇವುಗಳಲ್ಲಿ ಬಹುಪಾಲನ್ನು ತಡೆಯುತ್ತದೆ. ಎಲ್ಲವನ್ನೂ ತಡೆಯುವುದೆಂಬ ಭರವಸೆಯಿಲ್ಲ.

ಮೇಲಾಗಿ, ಸಂಖ್ಯೆಯು ಗೆದ್ದಿತೆಂದು ಹೇಳುವುದೇ ಹೊರತು ಏಕೆ ಗೆದ್ದಿತೆಂದು ಹೇಳದು. ಕಾಯಿಗಳ ನಡೆಗಳನ್ನು ಹುಟ್ಟಿಸುವ ಭಾಗಕ್ಕೇನೋ ನಿಶ್ಚಿತವಾದ ಒರೆಗಲ್ಲುಂಟು. ಆರಂಭಸ್ಥಿತಿಯಿಂದ ಒಂದು ನಡೆಯ ಆಳಕ್ಕೆ 20, ಎರಡಕ್ಕೆ 400, ಮೂರಕ್ಕೆ 8,902, ನಾಲ್ಕಕ್ಕೆ 1,97,281 ಸರಣಿಗಳು. ಲೆಕ್ಕ ತಾಳೆಯಾಗದಿದ್ದರೆ ಚರ್ಚೆಯೇ ಬೇಡ. ಮಣೆಯ ಮೇಲಿನ ಸ್ಥಿತಿಗೆ ಬೆಲೆಕಟ್ಟುವ ಭಾಗಕ್ಕೆ ಇಂಥ ಒರೆಗಲ್ಲು ಎಲ್ಲಿದೆ? ಲಕ್ಷ ಆಟಗಳಿಗೊಮ್ಮೆ ತಲೆಯೆತ್ತುವ ದೋಷವು ಹತ್ತುಸಾವಿರ ಆಟಗಳಲ್ಲಿ ಕಾಣದೆಯೇ ಹೋಗಬಹುದು. ಪಳಗಿದ ಕಣ್ಣಿಗೆ ಅದು ಒಂದೇ ಸಾಲಿನಲ್ಲಿ ಬಿದ್ದೀತು.

ಬರಿಯ ಗೆಲವನ್ನು ನಂಬಿದರೆ ಆಗುವುದೇನೆಂಬುದಕ್ಕೆ ರಿಬ್ಕಾ ಪ್ರಕರಣವೇ ಸಾಕ್ಷಿ. ಫ್ರಾನ್ಸಿನ ಫಾಬಿಯನ್ ಲೆಟೂಝೆ ಎಂಬವರು 2005 ರಲ್ಲಿ ಫ್ರೂಟ್ ಎಂಬ ತಮ್ಮ ಎಂಜಿನಿನ ಕೋಡನ್ನು ಲೋಕಕ್ಕೆ ಕೊಟ್ಟರು. ಇದನ್ನು ಸೇರಿಸಿಕೊಂಡು ಹಂಚುವವರು ತಮ್ಮ ಕೋಡನ್ನೂ ಹಾಗೆಯೇ ತೆರೆದಿಡತಕ್ಕುದೆಂಬುದೊಂದೇ ಮುಖ್ಯ ನಿಬಂಧನೆ. ಅದೇ ವರ್ಷದ ಕೊನೆಯಲ್ಲಿ ವಾಸಿಕ್ ರಾಜ್ಲಿಕ್ ಅವರ ರಿಬ್ಕಾ ಹೊರಬಿದ್ದಿತು. ಅದರ ಕೋಡು ಗುಪ್ತ. 2007 ರಿಂದ 2010 ರ ವರೆಗೆ ನಾಲ್ಕು ಸಲ ಎಡೆಬಿಡದೆ ಕಂಪ್ಯೂಟರುಗಳ ವಿಶ್ವಚದುರಂಗ ಪಟ್ಟವು ಅದಕ್ಕೆ ದಕ್ಕಿತು. ಈ ಗೆಲವುಗಳು ಅದರ ಬಲವನ್ನು ಸಾರಿದುವು, ಮೂಲವನ್ನು ಹೇಳಲಿಲ್ಲ. ಕೊನೆಗೆ ಅದೇ ಕಸುಬಿನ ಪ್ರೋಗ್ರಾಮುಕಾರರು ಯಂತ್ರಭಾಷೆಯನ್ನು ಬಿಡಿಸಿ ಓದಿ, ಫ್ರೂಟಿನೊಡನೆ ಹೋಲಿಸಿ ನೋಡಿದ ಮೇಲೆ, 2011 ರ ಜೂನಿನಲ್ಲಿ ಸ್ಪರ್ಧೆಯನ್ನು ನಡೆಸುವ ಅಂತರರಾಷ್ಟ್ರೀಯ ಸಂಘವು ಕೃತಿಚೌರ್ಯವೆಂದು ತೀರ್ಮಾನಿಸಿ ನಾಲ್ಕು ಪಟ್ಟಗಳನ್ನೂ ಹಿಂದೆಗೆದುಕೊಂಡಿತು. ರಾಜ್ಲಿಕ್ ಆರೋಪವನ್ನು ಅಲ್ಲಗಳೆದರು. ಅವರಿಗೆ ಆಜೀವನಿಷೇಧವನ್ನು ವಿಧಿಸಿದುದಕ್ಕಾಗಿ 2015 ರಲ್ಲಿ ಫಿಡೆಯ ನೀತಿಸಮಿತಿಯು ಆ ಸಂಘಕ್ಕೇ ಎಚ್ಚರಿಕೆ ಕೊಟ್ಟಿತು. ಶಿಕ್ಷೆಯ ತೂಕದ ಮಾತು ಹಾಗಿರಲಿ. ಮೊದಲ ವರ್ಷವೇ ಸಮಬಲರಾದ ಇಬ್ಬರು ಅದನ್ನು ಓದಿದ್ದರೆ ಈ ವ್ಯಾಜ್ಯವು ಇಷ್ಟು ಕಾಲ ಬೆಳೆಯುತ್ತಿತ್ತೆ?

"ತೆರೆದಿಟ್ಟರೆ ಕದಿಯುವರಲ್ಲ!" ಎಂದು ಕೆಲವರ ಅಳಲು. ಫ್ರೂಟಿನ ಕೋಡು ತೆರೆದಿದ್ದುದರಿಂದಲೇ ಹೋಲಿಕೆಯು ಸಾಧ್ಯವಾಯಿತೆಂಬುದನ್ನು ಇವರು ಮರೆಯುವರು. ಸ್ಟಾಕ್‌ಫಿಷ್ ಕೂಡ 2008 ರಲ್ಲಿ ಗ್ಲೌರುಂಗ್ ಎಂಬ ಮತ್ತೊಂದು ಎಂಜಿನಿನ ಕೋಡಿನಿಂದಲೇ ಹುಟ್ಟಿತು. ಹೆಸರು ಹೇಳಿ ಪಡೆದುದರಿಂದ ಅದನ್ನು ಯಾರೂ ಕಳವೆನ್ನಲಿಲ್ಲ.

ಇನ್ನು ವಿಮರ್ಶೆಯೆಂದರೆ ಮುಖ ಸಿಂಡರಿಸುವವರು. ಪಾಣಿನಿಯ ಸೂತ್ರಗಳಿಂದ ಪದಗಳು ಸಿದ್ಧಿಸುತ್ತವೆಂದು ಕಾತ್ಯಾಯನರು ಸುಮ್ಮನಾಗಲಿಲ್ಲ. ನ್ಯೂನವಿದ್ದಲ್ಲಿ ನ್ಯೂನವೆಂದು ವಾರ್ತಿಕಗಳನ್ನು ಬರೆದರು. ಪತಂಜಲಿಗಳು ಆ ಆಕ್ಷೇಪಗಳನ್ನೂ ತೂಗಿ, ಎಷ್ಟೋ ಕಡೆ ಸೂತ್ರಕಾರನ ಪಕ್ಷವನ್ನೇ ಎತ್ತಿಹಿಡಿದರು. ಪಾಣಿನಿಗೆ ಅವಮಾನವಾಯಿತೆಂದು ಯಾರೂ ಗೋಳಿಡಲಿಲ್ಲ.

ಸಂಖ್ಯಾವಾದಿಗಳಿಗೆ ನನ್ನದೊಂದು ಪ್ರಶ್ನೆ. ಫಿಷ್‌ಟೆಸ್ಟಿನಲ್ಲಿ ಕೋಡನ್ನು ಸರಳಗೊಳಿಸುವ ತಿದ್ದುಪಡಿಗಳಿಗೆ ಬೇರೆ ಅಳತೆಯುಂಟು: ಬಲವು ಹೆಚ್ಚಬೇಕಾಗಿಲ್ಲ, ಕುಗ್ಗಲಿಲ್ಲವೆಂದು ತೋರಿದರೆ ಸಾಕು, ಆ ಸಾಲುಗಳನ್ನು ತೆಗೆದುಹಾಕುವರು. ಗೆಲವೊಂದೇ ಪ್ರಮಾಣವಾದರೆ, ಗೆಲವನ್ನು ಹೆಚ್ಚಿಸದ ಈ ಕೆಲಸಕ್ಕಾಗಿ ಅಷ್ಟೊಂದು ಯಂತ್ರಗಳನ್ನು ದುಡಿಸುವುದು ಯಾರಿಗಾಗಿ? ಆ ಕೋಡನ್ನು ನಾಳೆ ಕುಳಿತು ಓದುವವನಿಗಾಗಿಯೇ ಅಲ್ಲವೆ?