ಮೊಂಡು ಕುದುರೆಗೆ ಬಿಗಿ ಕೈಯೋ, ತಾಳ್ಮೆಯೋ?

ಮಳೆಗಾಲ ಬಂತೆಂದರೆ ಪುಣೆಯಲ್ಲಿ ರೇಸಿನ ಕಾಲ. 1830ರಷ್ಟು ಹಳೆಯದಾದ ಇಲ್ಲಿನ ರೇಸ್‌ಕೋರ್ಸಿನಲ್ಲಿ ಓಟಗಳು ಶುರುವಾಗುತ್ತವೆ. ಚಳಿಗಾಲಕ್ಕೆ ಆಟ ಮುಂಬೈನ ಮಹಾಲಕ್ಷ್ಮಿ ರೇಸ್‌ಕೋರ್ಸಿಗೆ ಸಾಗುತ್ತದೆ. ಲಾಯಗಳಲ್ಲಿ ಹಟಮಾರಿಗಳೂ ಇದ್ದೇ ಇರುತ್ತವೆ. ಒಂದು, ಓಟ ಶುರುವಾಗುವ ಸ್ಟಾರ್ಟಿಂಗ್ ಗೇಟಿನೊಳಗೆ ಕಾಲಿಡುವುದಿಲ್ಲ, ಇನ್ನೊಂದು ಜೀನು ಕಂಡರೆ ಸಿಡಿದೇಳುತ್ತದೆ. ಇವನ್ನು ದಾರಿಗೆ ತರುವುದು ಹೇಗೆ ಎಂಬ ಬಗ್ಗೆ ಕುದುರೆ ಬಲ್ಲವರಲ್ಲೇ ಎರಡು ಪಕ್ಷಗಳಿವೆ.

ಬಿಗಿ ಕೈ ಬೇಕೆನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ರೇಸಿನ ಕುದುರೆ ಸುಮಾರು 450 ಕಿಲೊ ತೂಗುತ್ತದೆ. ಅದು ಹಿಂದೆ ಸರಿದಾಗ ಆಳು ಹಗ್ಗ ಬಿಟ್ಟರೆ, ಹಿಂದೆ ಸರಿದರೆ ಬಿಡುಗಡೆ ಎಂದು ಕಲಿತುಬಿಡುತ್ತದೆ. ಮರುದಿನ ಇನ್ನೂ ಜೋರಾಗಿ ಸರಿಯುತ್ತದೆ. ಒದೆ ಬಿದ್ದರೆ ಮೊದಲು ಬೀಳುವುದು ಲಗಾಮು ಹಿಡಿದ ಸಾಯೀಸನಿಗೆ, ಅಂದರೆ ಲಾಯದ ಆಳಿಗೆ. ಮೇಲಾಗಿ ಸೀಸನ್ ಕೆಲವೇ ತಿಂಗಳದ್ದು. ಗೇಟಿಗೆ ಹೋಗದ ಕುದುರೆ ಓಡುವುದಿಲ್ಲ, ಓಡದ ಕುದುರೆಗೂ ಮೇವಿನ ಖರ್ಚು ತಪ್ಪುವುದಿಲ್ಲ.

ತಾಳ್ಮೆಯ ಪಕ್ಷದವರು ಕೇಳುವುದು ಬೇರೆ ಪ್ರಶ್ನೆ: ಇದು ಹಟವೋ, ಹೆದರಿಕೆಯೋ, ನೋವೋ? ಕುದುರೆಯ ಕಣ್ಣುಗಳು ತಲೆಯ ಪಕ್ಕಗಳಲ್ಲಿವೆ. ಸುತ್ತಲೆಲ್ಲ ಕಂಡರೂ ಹಣೆಯ ನೇರ ಮುಂದೆ, ಬಾಲದ ನೇರ ಹಿಂದೆ ಏನೂ ಕಾಣದು. ಓಡುವುದೇ ಮುಖ್ಯ ರಕ್ಷಣೆಯಾಗಿರುವ ಪ್ರಾಣಿಗೆ ಸ್ಟಾರ್ಟಿಂಗ್ ಗೇಟಿನ ಇಕ್ಕಟ್ಟಾದ ಕಬ್ಬಿಣದ ಗೂಡು ಭಯ ಹುಟ್ಟಿಸಿದರೆ ಆಶ್ಚರ್ಯವಿಲ್ಲ. ಕೆಲವು ಕುದುರೆಗಳಿಗೆ ದವಡೆ ಹಲ್ಲುಗಳ ಮುಂದೆ ಒಂದು ಪುಟ್ಟ ಹಲ್ಲು ಇರುತ್ತದೆ. ಕಡಿವಾಣ ಅದಕ್ಕೆ ತಗಲಿ ನೋಯಬಹುದು. ಸರಿಹೊಂದದ ಜೀನಿನಿಂದ ಬೆನ್ನು ಹುಣ್ಣಾಗಿರಬಹುದು. ಆಗ ಚಾಟಿ ಬೀಸಿದರೆ ಹಳೆಯ ನೋವಿಗೆ ಹೊಸ ನೋವು ಸೇರುತ್ತದೆ, ಅಷ್ಟೆ. ಸಿಟ್ಟಿನಲ್ಲಿ ಕುದುರೆಯ ಹತ್ತಿರ ಹೋಗಬಾರದೆಂದು ಗ್ರೀಕ್ ಲೇಖಕ ಕ್ಸೆನೊಫನ್ ಸುಮಾರು 2,400 ವರ್ಷಗಳ ಹಿಂದೆಯೇ ಬರೆದ.

ಈ ಪಕ್ಷದಲ್ಲೂ ಕೊರತೆಯಿದೆ. ಕುದುರೆ ಮುಷ್ಕರ ಹೂಡಿದಾಗಲೆಲ್ಲ ಬೆಲ್ಲ, ಗಜ್ಜರಿ ಕೊಟ್ಟು ರಮಿಸಿದರೆ ಮುಷ್ಕರಕ್ಕೇ ಬಹುಮಾನ ಕೊಟ್ಟಂತೆ. ಇವತ್ತು ಬಿಟ್ಟು ನಾಳೆ ಗದರಿದರಂತೂ ಅದಕ್ಕೆ ಯಾವುದು ಸರಿ ಎಂಬುದೇ ತಿಳಿಯದು.

ನುರಿತವರು ಗೇಟು ಕಲಿಸುವ ರೀತಿಯನ್ನು ನೋಡಿದರೆ ಈ ಎರಡೂ ವಾದಗಳು ಕೂಡುವ ಜಾಗ ಸಿಗುತ್ತದೆ. ಮೊದಲು ಗೇಟಿನಿಂದ ದೂರವೇ ನಿಲ್ಲಿಸುತ್ತಾರೆ. ಹಗ್ಗವನ್ನು ಜಗ್ಗದೆ, ಹದವಾಗಿ ಬಿಗಿಹಿಡಿದು ಕಾಯುತ್ತಾರೆ. ಕುದುರೆ ಒಂದು ಕಾಲನ್ನು ಮುಂದಿಟ್ಟರೂ ಸಾಕು, ಆ ಕ್ಷಣವೇ ಹಗ್ಗ ಸಡಿಲ. ಹೆಜ್ಜೆ ಬರುವವರೆಗೆ ಬಿಡದಿರುವುದು ಬಿಗಿ. ಬಂದೊಡನೆ ಬಿಡುವುದು ಕರುಣೆ. ಕಲಿಸುವುದು ಆ ಸಡಿಲಿಕೆಯೇ. ಹೆದರುವ ಕುದುರೆಯ ಮುಂದೆ ಸಾಧು ಸ್ವಭಾವದ ಹಿರಿಯ ಕುದುರೆಯೊಂದನ್ನು ನಡೆಸಿದರೆ ಕೆಲಸ ಇನ್ನೂ ಹಗುರ. ಹಿರಿಯ ಕುದುರೆಯ ಜೊತೆಯಲ್ಲಿ ಕಲಿಯುವುದಕ್ಕೆ ಇಲ್ಲೇ ಉದಾಹರಣೆಯಿದೆ: ಪುಣೆ ಸೀಮೆಯ ಕುರಿಗಾಹಿ ಧನಗರರು ಕುರಿಹಿಂಡಿನ ಜೊತೆ ಊರೂರು ಅಲೆಯುವಾಗ ಸಂಸಾರದ ಸಾಮಾನನ್ನೆಲ್ಲ ಭೀಮಥಡಿ ತಳಿಯ ಕುದುರೆಗಳ ಮೇಲೆ ಹೇರುತ್ತಾರೆ. ತಾಯಿಯ ಪಕ್ಕದಲ್ಲೇ ನಡೆಯುವ ಮರಿಗೆ ರಸ್ತೆ, ಸದ್ದು, ಹೊರೆ ಎಲ್ಲವೂ ಚಿಕ್ಕಂದಿನಲ್ಲೇ ಪರಿಚಯ.

ಹಾಗಾಗಿ ಬಿಗಿ ಬೇಡವೆನ್ನುವುದು ತಪ್ಪು, ಬಿಗಿಯೆಂದರೆ ಹೊಡೆತ ಎನ್ನುವುದು ಇನ್ನೂ ದೊಡ್ಡ ತಪ್ಪು. ಮೊದಲು ಪಶುವೈದ್ಯರು ಬಾಯಿ, ಬೆನ್ನು, ಗೊರಸು ನೋಡಲಿ. ನೋವಿಲ್ಲವೆಂದು ಖಚಿತವಾದ ಮೇಲೆ ದಿನವೂ ಅದೇ ಕೈ, ಅದೇ ಸೂಚನೆ, ಅದೇ ಸಡಿಲಿಕೆ ಸಿಗಲಿ. ಪ್ರಾಣಿಯನ್ನು ವೃಥಾ ಹೊಡೆಯುವುದು 1960ರ ಕೇಂದ್ರ ಕಾಯ್ದೆಯ ಪ್ರಕಾರವೂ ಅಪರಾಧ. ಕುದುರೆಯ ಮಾಲೀಕರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಈ ಸೀಸನ್ನಿಗೆ ಅದು ಸಿದ್ಧವಾಗದಿದ್ದರೆ ಮುಂದಿನದಕ್ಕೆ ಕಾಯಿರಿ. ನೀವು ಅವಸರ ಮಾಡದಿದ್ದರೆ ನಿಮ್ಮ ಟ್ರೇನರ್‌ಗೂ ಸಾಯೀಸನಿಗೂ ತಾಳ್ಮೆಯಿಂದ ಕಲಿಸಲು ಆಸ್ಪದ ಸಿಗುತ್ತದೆ.