ಯಾವ ಪುಸ್ತಕ ಕೊಳ್ಳಬೇಕು? ರಿಜಿಸ್ಟರ್ ಕೇಳಿ

ಡಿಗ್ರಿ ಓದುವಾಗ ಕೊಪ್ಪದಿಂದ ನಮ್ಮೂರಿಗೆ ಸಂಜೆಯ ಬಸ್ಸು ತಪ್ಪಿದರೆ ಮನೆ ಸೇರುವುದು ಕಷ್ಟವಿತ್ತು. ಹಾಗಾಗಿ ಲೈಬ್ರರಿಯಲ್ಲಿ ಕೂತು ಓದುವ ಭಾಗ್ಯ ನನಗಿರಲಿಲ್ಲ. ಪುಸ್ತಕ ಮನೆಗೆ ಸಿಕ್ಕರೆ ಓದು, ಇಲ್ಲದಿದ್ದರೆ ಇಲ್ಲ. ಅರ್ಥಶಾಸ್ತ್ರದ ಒಂದು ಪುಸ್ತಕಕ್ಕೆ ಇಡೀ ತರಗತಿ ಕಾಯುತ್ತಿತ್ತು. ಇದ್ದದ್ದು ಎರಡೇ ಪ್ರತಿ. ‘ಇಶ್ಯೂ ಆಗಿದೆ, ಮುಂದಿನ ವಾರ ಬನ್ನಿ’ ಎಂಬ ಉತ್ತರ ಕೇಳುತ್ತಲೇ ಪರೀಕ್ಷೆ ಬಂತು. ಕೊನೆಗೆ ಗೆಳತಿಯ ನೋಟ್ಸು ಮತ್ತು ಜೆರಾಕ್ಸ್ ಅಂಗಡಿಯೇ ಗತಿಯಾಯಿತು.

ಅದೇ ಲೈಬ್ರರಿಯ ಗಾಜಿನ ಬೀರುವಿನಲ್ಲಿ ದಪ್ಪ ದಪ್ಪ ಪುಸ್ತಕಗಳು ಹೊಳೆಯುತ್ತಿದ್ದವು. ಒಮ್ಮೆ ಒಂದನ್ನು ತೆಗೆಸಿ ನೋಡಿದೆ. ಹಿಂದೆ ಅಂಟಿಸಿದ್ದ ದಿನಾಂಕದ ಚೀಟಿಯಲ್ಲಿ ಒಂದು ಮುದ್ರೆಯೂ ಬಿದ್ದಿರಲಿಲ್ಲ. ಮಾರ್ಚ್ ಮುಗಿಯುವುದರೊಳಗೆ ಹಣ ಖರ್ಚಾಗಬೇಕೆಂದು ಪ್ರಕಾಶಕರ ಪಟ್ಟಿಗೆ ಟಿಕ್ ಹಾಕಿ ತರಿಸಿದ್ದಂತೆ.

ಇದು ನಮ್ಮೊಂದು ಕಾಲೇಜಿನ ಕಥೆಯಲ್ಲ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ 1969ರಲ್ಲಿ ಸೇರಿಸಿದ ಪುಸ್ತಕಗಳ ಲೆಕ್ಕ ತೆಗೆದಾಗ, ಸುಮಾರು ಶೇ 40ರಷ್ಟು ಪುಸ್ತಕಗಳನ್ನು 1975ರ ಕೊನೆಯವರೆಗೂ ಯಾರೂ ಎರವಲು ಪಡೆದಿರಲಿಲ್ಲ. ಅಷ್ಟು ದೊಡ್ಡ ವಿಶ್ವವಿದ್ಯಾಲಯಕ್ಕೆ ಆ ನಷ್ಟ ತಡೆದೀತು. ಸಣ್ಣ ಅನುದಾನದ ಮಲೆನಾಡಿನ ಕಾಲೇಜಿಗೆ ತಡೆಯುತ್ತದೆಯೇ?

ಲೆಕ್ಕ ಹಾಕಲು ದೊಡ್ಡ ಕಂಪ್ಯೂಟರ್ ಬೇಕಿಲ್ಲ. ಇಶ್ಯೂ ರಿಜಿಸ್ಟರ್ ಸಾಕು. ಕೋಹಾ, ಸೋಲ್, ಇ-ಗ್ರಂಥಾಲಯದಂಥ ತಂತ್ರಾಂಶಗಳಿದ್ದರೆ ಕೆಲಸ ಇನ್ನೂ ಸುಲಭ. 600 ರೂಪಾಯಿಯ ಪುಸ್ತಕ 30 ಸಲ ಹೊರಗೆ ಹೋದರೆ ಒಂದು ಓದಿಗೆ ಬಿದ್ದ ಖರ್ಚು 20 ರೂಪಾಯಿ. 1,200 ರೂಪಾಯಿಯದು ಎರಡೇ ಸಲ ಹೋದರೆ 600 ರೂಪಾಯಿ. ಯಾವುದರ ಇನ್ನೊಂದು ಪ್ರತಿ ಬೇಕು ಎಂಬುದು ಇಲ್ಲೇ ಗೊತ್ತಾಗುತ್ತದೆ. ಕುವೆಂಪು ಹುಟ್ಟಿದ್ದು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಪ್ರತಿ ಬೆನ್ನು ಹರಿದು ದಾರ ಕಾಣುತ್ತಿದ್ದರೆ, ಆ ಹರಕೂ ಒಂದು ಅಂಕಿ ಅಂಶವೇ.

ಆದರೆ ರಿಜಿಸ್ಟರ್‌ಗೆ ಕಾಣದ್ದೂ ಇದೆ. ಪುಸ್ತಕ ಕೇಳಿ ಬರಿಗೈಯಲ್ಲಿ ಹೋದವರ ಹೆಸರು ಅದರಲ್ಲಿ ಇರುವುದಿಲ್ಲ. ನಾನು ಅಷ್ಟು ಸಲ ಕೇಳಿದ್ದಕ್ಕೆ ಎಲ್ಲೂ ದಾಖಲೆಯಿಲ್ಲ. ಹಾಗಾಗಿ ಕೌಂಟರಿನಲ್ಲಿ ಇನ್ನೊಂದು ನೋಟ್‌ಬುಕ್ ಇರಲಿ: ಕೇಳಿದರು, ಸಿಗಲಿಲ್ಲ. ಬೀಗ ಹಾಕಿದ ಬೀರುವಿನ ಪುಸ್ತಕಕ್ಕೆ ಸೊನ್ನೆ ಬಂದಿದ್ದರೆ ತಪ್ಪು ಪುಸ್ತಕದ್ದೋ ಬೀಗದ್ದೋ ಎಂದೂ ಕೇಳಿಕೊಳ್ಳಬೇಕು. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂದು ಎಸ್.ಆರ್. ರಂಗನಾಥನ್ 1931ರಲ್ಲೇ ತಮ್ಮ ಐದು ಸೂತ್ರಗಳಲ್ಲಿ ಹೇಳಿದ್ದಾರೆ. ಕಪಾಟುಗಳನ್ನು ಓದುಗರಿಗೆ ತೆರೆದಿಡಬೇಕೆಂದು ವಾದಿಸಿದವರೂ ಅವರೇ.

ಬರೀ ಸಂಖ್ಯೆಗೆ ಶರಣಾದರೆ ಇನ್ನೊಂದು ಅಪಾಯವಿದೆ. ಆಗ ಲೈಬ್ರರಿಯಲ್ಲಿ ಗೈಡುಗಳಷ್ಟೇ ಉಳಿದಾವು. ಶೃಂಗೇರಿಯ ಮೆಣಸೆಯಲ್ಲಿ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ಆವರಣವಿದೆ. ಅಂಥ ಕಡೆ ವ್ಯಾಕರಣದ ಒಂದು ಗ್ರಂಥವನ್ನು ವರ್ಷಕ್ಕೊಬ್ಬರೇ ಕೇಳಬಹುದು. ಆ ಒಬ್ಬರಿಗೆ ಅದು ಇಲ್ಲದೆ ಸಂಶೋಧನೆಯೇ ಮುಂದೆ ಹೋಗದು. ಅಂಥದ್ದನ್ನು ಉಳಿಸುವ ವಿವೇಕ ಅಧ್ಯಾಪಕರದ್ದು, ಲೈಬ್ರೇರಿಯನ್‌ರದ್ದು. ಬಜೆಟ್‌ನಲ್ಲಿ ಅದಕ್ಕೊಂದು ಪಾಲು ಮೊದಲೇ ತೆಗೆದಿಡಬೇಕು.

ಪಠ್ಯಕ್ರಮ ಬದಲಾಗುವುದನ್ನೂ ಗಮನಿಸಬೇಕು. 2021–22ರಲ್ಲಿ ಹೊಸ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂತು. 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಮೂರೇ ವರ್ಷಕ್ಕೆ ಹಳತಾಗುವ ಪಠ್ಯಪುಸ್ತಕವನ್ನು ರಾಶಿ ತರಿಸುವ ಮೊದಲು ಆಯಾ ಸೆಮಿಸ್ಟರ್‌ನ ವಿದ್ಯಾರ್ಥಿಗಳ ಸಂಖ್ಯೆ ನೋಡುವುದು ಜಾಣತನ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಪದವಿ ಕಾಲೇಜುಗಳಿಗೆ ಕುವೆಂಪು ವಿಶ್ವವಿದ್ಯಾಲಯದ ಒಂದೇ ಸಿಲಬಸ್. ಮೂರೂ ಕಡೆಯ ಪುಸ್ತಕಗಳ ಪಟ್ಟಿ ಒಂದೆಡೆ ಸೇರಿದರೆ, ಅಪರೂಪಕ್ಕೆ ಬೇಕಾಗುವ ದುಬಾರಿ ಪುಸ್ತಕವನ್ನು ಮೂರು ಸಲ ಕೊಳ್ಳಬೇಕಿಲ್ಲ. ಒಬ್ಬರು ಕೊಂಡರೆ ಉಳಿದವರು ಎರವಲು ತರಿಸಿಕೊಳ್ಳಬಹುದು. ಉಳಿದ ಹಣದಲ್ಲಿ ಎಲ್ಲರೂ ಕೇಳುವ ಪುಸ್ತಕಕ್ಕೆ ಇನ್ನಷ್ಟು ಪ್ರತಿ ಬಂದೀತು. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಕೈಕೊಡುವ ನಮ್ಮೂರುಗಳಲ್ಲಿ ‘ಮೊಬೈಲಿನಲ್ಲೇ ಓದಿಕೊಳ್ಳಿ’ ಎನ್ನುವುದು ಉತ್ತರವಾಗದು.

ನಮ್ಮದೂ ಪಾಲಿದೆ. ಪುಸ್ತಕ ಸಿಗದಿದ್ದಾಗ ಗೊಣಗಿ ಹೊರಡುವ ಬದಲು ಅದರ ಹೆಸರನ್ನು ಬರೆಸಿಯೇ ಹೊರಡೋಣ. ಖರೀದಿ ಪಟ್ಟಿ ತಯಾರಾಗುವಾಗ ಆ ನೋಟ್‌ಬುಕ್ ಪ್ರಿನ್ಸಿಪಾಲರ ಮೇಜಿನ ಮೇಲಿರಲಿ. ಮುಂದಿನ ವರ್ಷ ಸಂಜೆಯ ಬಸ್ಸಿಗೆ ಓಡುವ ಹುಡುಗಿಯ ಬ್ಯಾಗಿನಲ್ಲಿ ಆ ಅರ್ಥಶಾಸ್ತ್ರದ ಪುಸ್ತಕ ಇದ್ದರೆ ಅಷ್ಟೇ ಸಾಕು.