ಕುಂಟು ಕುದುರೆ, ಟ್ಯಾಕ್ಸಿ ಮತ್ತು ನಮ್ಮ ಪ್ಲೇಸ್‌ಮೆಂಟ್

ಕುದುರೆ ರೇಸಿಗೂ ನನಗೂ ಸಂಬಂಧವಿಲ್ಲ. ಬೆಂಗಳೂರಿನ ರೇಸ್‌ಕೋರ್ಸನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ, ಅಷ್ಟೇ. ಆದರೂ ಈ ರಜೆಯಲ್ಲಿ ಓದಿದ್ದರಲ್ಲಿ ಮನಸ್ಸಿನಲ್ಲಿ ಉಳಿದದ್ದು ರೇಸ್ ಕುದುರೆಗಳ ತರಬೇತುದಾರನೊಬ್ಬನ ಆತ್ಮಕಥೆ. ಇಂಗ್ಲೆಂಡಿನ ‘ಜಿಂಜರ್’ ಮೆಕೇನ್ 2005ರಲ್ಲಿ ಹೊರತಂದ ‘ಮೈ ಕಲರ್‌ಫುಲ್ ಲೈಫ್’. ಪ್ಲೇಸ್‌ಮೆಂಟ್‌ಗೆ ತಯಾರಾಗುತ್ತಿರುವ ನಮ್ಮಂಥವರು ‘ಗೆಲ್ಲುವುದು ಹೇಗೆ’ ಎಂಬ ಪುಸ್ತಕಗಳನ್ನು ಬದಿಗಿಟ್ಟು ಇಂಥದ್ದನ್ನು ಓದಬೇಕು ಎನ್ನುವುದು ನನ್ನ ವಾದ.

ಮೆಕೇನ್ ಹೆಸರು ಮಾಡಿದ್ದು ಗ್ರ್ಯಾಂಡ್ ನ್ಯಾಷನಲ್ ಓಟದಲ್ಲಿ. ನಮ್ಮ ಬೆಂಗಳೂರು, ಮೈಸೂರಿನ ರೇಸುಗಳಂತೆ ಇದು ಬರೀ ಓಟವಲ್ಲ. ಲಿವರ್‌ಪೂಲ್ ಬಳಿಯ ಏಂಟ್ರೀ ಎಂಬಲ್ಲಿ ಕುದುರೆಗಳು ನಾಲ್ಕು ಮೈಲಿಗೂ ಹೆಚ್ಚು ದೂರ ಓಡುತ್ತಾ 30 ಬೇಲಿಗಳನ್ನು ಹಾರಬೇಕು. ಹೊರಟ ಎಷ್ಟೋ ಕುದುರೆಗಳು ಗುರಿ ಮುಟ್ಟುವುದೇ ಇಲ್ಲ. ಇಂಥ ಓಟವನ್ನು ಮೆಕೇನ್ ಪಳಗಿಸಿದ ಕುದುರೆಗಳು ನಾಲ್ಕು ಸಲ ಗೆದ್ದವು. ಅದರಲ್ಲಿ ಮೂರು ಗೆಲುವು ‘ರೆಡ್ ರಮ್’ ಒಂದರದ್ದೇ: 1973, 1974 ಮತ್ತು 1977.

ಇಷ್ಟಕ್ಕೇ ನಿಲ್ಲಿಸಿದರೆ ಇದೂ ಮತ್ತೊಂದು ‘ಯಶೋಗಾಥೆ’. ಉಳಿದ ಲೆಕ್ಕ ನೋಡಿ. 1953ರಲ್ಲಿ ಪರವಾನಗಿ ಪಡೆದ ಮೆಕೇನ್‌ಗೆ ಮೊದಲ ಗೆಲುವು ಸಿಕ್ಕಿದ್ದು 1965ರಲ್ಲಿ. ಹೊಟ್ಟೆಪಾಡಿಗೆ ಅವರು ಟ್ಯಾಕ್ಸಿ ಓಡಿಸಿದರು, ಹಳೆ ಕಾರು ಮಾರಿದರು. ಕುದುರೆಲಾಯ ಇದ್ದದ್ದು ಸೌತ್‌ಪೋರ್ಟ್ ಬಳಿ ಕಾರಿನ ಅಂಗಡಿಯ ಹಿಂದೆ. ಅಭ್ಯಾಸಕ್ಕೆ ಸ್ವಂತ ಮೈದಾನವಿಲ್ಲದೆ ಕುದುರೆಗಳನ್ನು ಕಡಲತೀರಕ್ಕೆ ಕರೆದೊಯ್ಯುತ್ತಿದ್ದರು. ರೆಡ್ ರಮ್‌ಗೆ 6,000 ಗಿನಿ ಕೊಟ್ಟ ವಯೋವೃದ್ಧ ಮಾಲೀಕ ನೋಯೆಲ್ ಲೆ ಮೇರ್ ಪರಿಚಯವಾದದ್ದು ಅದೇ ಟ್ಯಾಕ್ಸಿಯ ಗಿರಾಕಿಯಾಗಿ. ಕೊಂಡು ತಂದ ಮೇಲೆ ನೋಡಿದರೆ ಕುದುರೆ ಕುಂಟುತ್ತಿತ್ತು. ಗೊರಸಿನೊಳಗಿನ ಮೂಳೆಗೆ ಉರಿಯೂತ. ಬೇರೆ ದಾರಿಯಿಲ್ಲದೆ ಹೋಗುತ್ತಿದ್ದ ಆ ಸಮುದ್ರದ ನೀರು, ಒದ್ದೆ ಮರಳೇ ಅದರ ಕಾಲಿಗೆ ಒಗ್ಗಿತು.

1973ರ ಗೆಲುವಾದರೂ ಎಷ್ಟರದ್ದು? ಮುಕ್ಕಾಲು ಕುದುರೆಯುದ್ದ. ಒಳ್ಳೆಯ ಕುದುರೆಗೆ ಹೆಚ್ಚು ತೂಕ ಹೊರಿಸುವುದು ಆ ಓಟದ ನಿಯಮ. ಕೊನೆಯವರೆಗೂ ಮುಂದಿದ್ದ ‘ಕ್ರಿಸ್ಪ್’ ಹೊತ್ತಿದ್ದು ರೆಡ್ ರಮ್‌ಗಿಂತ 23 ಪೌಂಡ್, ಅಂದರೆ ಸುಮಾರು 10 ಕೆ.ಜಿ. ಹೆಚ್ಚು. ಇನ್ನು 1977ರ ನಂತರ ಮೆಕೇನ್‌ಗೆ ಮತ್ತೆ ಗ್ರ್ಯಾಂಡ್ ನ್ಯಾಷನಲ್ ಒಲಿದದ್ದು 27 ವರ್ಷಗಳ ಮೇಲೆ, 2004ರಲ್ಲಿ, ‘ಆ್ಯಂಬರ್ಲೀ ಹೌಸ್’ ಎಂಬ ಕುದುರೆಯಿಂದ.

ಇದರಲ್ಲಿ ದುಡಿಮೆ ಎಷ್ಟು, ಅದೃಷ್ಟ ಎಷ್ಟು, ಪರಿಚಯ ಎಷ್ಟು? ಲೆಕ್ಕವೆಲ್ಲ ಕಣ್ಣೆದುರಿಗೆ ಇರುವುದರಿಂದ ಓದುಗ ತಾನೇ ತೂಗಿ ನೋಡಬಹುದು. ಲ್ಯಾಬ್‌ನಲ್ಲಿ ಸರಿಬಂದ ರೀಡಿಂಗ್‌ಗಳನ್ನಷ್ಟೇ ಬರೆದರೆ ಮೇಷ್ಟ್ರು ರೆಕಾರ್ಡ್‌ಗೆ ಸಹಿ ಹಾಕುವುದಿಲ್ಲ. ಆದರೆ ಬದುಕಿನ ಕಥೆಯಲ್ಲಿ ಸರಿಬಂದದ್ದನ್ನಷ್ಟೇ ಹೇಳುವವರಿಗೆ ನಾವು ಚಪ್ಪಾಳೆ ತಟ್ಟುತ್ತೇವೆ! ‘ಕಷ್ಟಪಟ್ಟೆ, ಗೆದ್ದೆ’ ಎಂಬುದಷ್ಟೇ ಕಥೆಯಾದರೆ, ಗೆಲ್ಲದವನು ಕಷ್ಟಪಡಲಿಲ್ಲ ಎಂದೇ ಅರ್ಥವಾಗುತ್ತದೆ. ಕಳೆದ ವರ್ಷ ಹನ್ನೊಂದು ಕಂಪನಿಗಳ ಸಂದರ್ಶನ ಎದುರಿಸಿದ ನಮ್ಮ ಸೀನಿಯರ್ ಒಬ್ಬರು ‘ನನ್ನಲ್ಲೇ ಏನೋ ಕೊರತೆ’ ಎಂದುಕೊಂಡು ಊರು ಸೇರಿದ್ದಾರೆ. ಯಾರ ಫೋನನ್ನೂ ಎತ್ತುತ್ತಿಲ್ಲ. ಅರ್ಧ ಸತ್ಯದ ಕಥೆಗಳ ಪೆಟ್ಟು ಬೀಳುವುದು ಇಂಥವರ ಮೇಲೆ.

ಹಾಗಂತ ನೇರವಾಗಿ ಮಾತನಾಡುವವರು ಹೇಳಿದ್ದೆಲ್ಲ ಸರಿಯೇ? ಖಂಡಿತ ಅಲ್ಲ. ಮೆಕೇನ್ ಬಾಯಿಗೆ ಬೀಗವಿಲ್ಲದ ಮನುಷ್ಯ. ಪುಸ್ತಕ ಬಂದ 2005ರಲ್ಲೇ ಕ್ಯಾರಿ ಫೋರ್ಡ್ ಎಂಬ ಮಹಿಳೆ ಈ ಓಟದಲ್ಲಿ ಕುದುರೆ ಏರಲು ಹೊರಟಾಗ, ಹೆಂಗಸರಿಂದ ಇದನ್ನು ಗೆಲ್ಲಲಾಗದು ಎಂದು ಅವರು ಬಹಿರಂಗವಾಗಿಯೇ ಹೇಳಿದರು. ಫೋರ್ಡ್ ಐದನೆಯವರಾಗಿ ಗುರಿ ಮುಟ್ಟಿದರು. ಮೆಕೇನ್ ತೀರಿಕೊಂಡದ್ದು 2011ರಲ್ಲಿ. ಹತ್ತು ವರ್ಷಗಳ ನಂತರ, 2021ರಲ್ಲಿ, ರೇಚಲ್ ಬ್ಲ್ಯಾಕ್‌ಮೋರ್ ಆ ಓಟ ಗೆದ್ದ ಮೊದಲ ಮಹಿಳಾ ಜಾಕಿಯಾದರು. ಮುಚ್ಚಿಡದ ಮನುಷ್ಯನ ಜೊತೆ ಹೀಗೆ ಜಗಳವಾಡಬಹುದು, ಅವನ ತಪ್ಪನ್ನು ಎತ್ತಿ ತೋರಿಸಬಹುದು. ಪಾಲಿಶ್ ಹಾಕಿದ ಕಥೆಯ ಮುಂದೆ ತಲೆಯಾಡಿಸುವುದು ಬಿಟ್ಟು ಬೇರೇನೂ ಸಾಧ್ಯವಿಲ್ಲ.

ಗೆಳೆಯರೇ, ಮುಂದೆ ಯಾರಾದರೂ ತಮ್ಮ ಸಾಧನೆ ಹೇಳಿಕೊಂಡಾಗ ಸಂಬಳದ ಪ್ಯಾಕೇಜ್ ಎಷ್ಟು ಎಂದು ಕೇಳುವ ಮೊದಲು ಮೂರು ಪ್ರಶ್ನೆ ಕೇಳೋಣ. ಎಷ್ಟು ಕಡೆ ‘ಇಲ್ಲ’ ಅನ್ನಿಸಿಕೊಂಡಿರಿ? ರೆಫರಲ್ ಕೊಟ್ಟವರು ಯಾರು? ಕೆಲಸವಿಲ್ಲದ ತಿಂಗಳುಗಳಲ್ಲಿ ಮನೆ ನಡೆಸಿದವರು ಯಾರು? ನಾಳೆ ನಮಗೆ ಕೆಲಸ ಸಿಕ್ಕಾಗ ಜೂನಿಯರ್‌ಗಳು ಕೇಳಿದರೆ, ಇದೇ ಮೂರಕ್ಕೆ ನಾವೂ ಉತ್ತರ ಕೊಡೋಣ.